ತಂತಿಯನ್ನು ಎಲ್ಲಿ ಸಿಕ್ಕಿಸಬೇಕು?

ಶಿರಾದಲ್ಲಿರುವ ನನ್ನ ಸೋದರಮಾವನ ಮಗ ಕಡಲೆಕಾಯಿ ಮಾರಿದ ಹಣದಿಂದ ಆಟಕ್ಕೆಂದೇ ಒಂದು ಕಂಪ್ಯೂಟರ್ ಮಾಡಿಸಿದನು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೇ ಹೆಚ್ಚು ಹಣ ಹೋಗಿತ್ತು. ಆದರೂ ಆಟವು ತಡವರಿಸುತ್ತಿತ್ತು. “ಭಾವ, ಕಾರ್ಡು ಕೆಟ್ಟದ್ದು, ಅಪ್ಪನಿಗೆ ಏನು ಹೇಳಲಿ?” ಎಂದು ಮಧುಗಿರಿಯವರೆಗೂ ಬಂದನು.

ಅವನೊಡನೆ ಹೋಗಿ ಪೆಟ್ಟಿಗೆಯ ಹಿಂಬದಿ ನೋಡಿದೆನು. ಪರದೆಯ ತಂತಿ ಸಿಕ್ಕಿಸಲು ಅಲ್ಲಿ ಎರಡು ತಾಣಗಳಿದ್ದವು. ಮೇಲಿನದು ಮದರ್‌ಬೋರ್ಡಿನದು, ಕೆಳಗಿನದು ಕಾರ್ಡಿನದು. ತಂತಿ ಮೇಲಿತ್ತು!

ಮೇಲಿನ ತಾಣಕ್ಕೆ ಚಿತ್ರ ಕೊಡುವುದು ಪ್ರೊಸೆಸರಿನೊಳಗಿನ ಗ್ರಾಫಿಕ್ಸ್. ಅದಕ್ಕೆ ಸ್ವಂತ ಮೆಮೊರಿಯಿಲ್ಲ. ಕಂಪ್ಯೂಟರಿನ ಮೆಮೊರಿಯನ್ನೇ ಹಂಚಿಕೊಳ್ಳಬೇಕು. ಕಾರ್ಡಿಗಾದರೋ ತನ್ನದೇ ವೇಗದ ಮೆಮೊರಿಯುಂಟು. ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದೊಂದಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಕೆಲವೊಮ್ಮೆ ಚಿತ್ರವನ್ನು ಕಾರ್ಡೇ ಬರೆದು ಮೇಲಿನ ತಾಣಕ್ಕೆ ಕಳಿಸುವುದುಂಟು. ಅದು ಕೊರಟಗೆರೆಯಿಂದ ಮಧುಗಿರಿಗೆ ಶಿರಾ ಸುತ್ತಿಕೊಂಡು ಬಂದಂತೆ.

ತಂತಿಯನ್ನು ಕೆಳಕ್ಕೆ ಬದಲಿಸಿದೆವು. ಆಟ ಸರಾಗವಾಗಿ ನಡೆಯಿತು.

ಹಾಗೆಂದು ಮೇಲಿನ ತಾಣವನ್ನು ಹಳಿಯಲಾರೆ. ಪಾವಗಡದ ನನ್ನ ಸಹಪಾಠಿಗೆ ಓದುಬರಹ, ಚಲನಚಿತ್ರಗಳಿಗೆ ಅದೊಂದೇ ಸಾಕಾಗಿದೆ. ಕಾರ್ಡು ಕೆಟ್ಟ ದಿನ ದೋಷ ಹುಡುಕಲೂ ಅದೇ ಆಸರೆ. ಆದರೆ ಹೆಸರಿನ ಕೊನೆಗೆ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರದು. ಅಲ್ಲಿ ಮೇಲೆ ಸಿಕ್ಕಿಸಿದರೆ ಪರದೆಯೆಲ್ಲ ಕಪ್ಪು. ಕೊಳ್ಳುವಾಗಲೇ ನೋಡಿಕೊಳ್ಳುವುದು ಲೇಸು.

ಮಾವನವರಿಗೆ ನಾವು ಇದಾವುದನ್ನೂ ಹೇಳಲಿಲ್ಲ.