ಹಿತ್ತಾಳೆಯ ಎಂಜಿನ್ನಿಗೆ ದನಿ ಕೊಡುವ ಬಗೆ

ಕಲಾ ಕಾಲೇಜಿನ ಸಂಚಿಕೆಯಲ್ಲಿ ತಂತಿ, ಬೆಸುಗೆ, ಮೋಟಾರುಗಳ ಮಾತೇಕೆ ಎಂದು ಕೆಲವು ಮಿತ್ರರು ಕೇಳಬಹುದು. ಚರಿತ್ರೆಯು ಶಾಸನ, ನಾಣ್ಯ, ಕಡತಗಳಲ್ಲಿ ಮಾತ್ರವೇ ಉಳಿಯುವುದಿಲ್ಲ; ಮನುಷ್ಯನ ಕೈಗೆಲಸದಲ್ಲಿಯೂ ಅವನು ಕೇಳಿದ ಶಬ್ದಗಳಲ್ಲಿಯೂ ಉಳಿಯುತ್ತದೆ ಎಂಬುದೇ ನನ್ನ ಉತ್ತರ. ಅಮೆರಿಕೆಯಲ್ಲಿ ನೆಲಸಿರುವ ನನ್ನ ಸೋದರಮಾವನವರು ರಜೆಯಲ್ಲಿ ಬಂದಾಗ ಹಿತ್ತಾಳೆಯ ಉಗಿ ಎಂಜಿನ್ನಿನ ಮಾದರಿಯೊಂದನ್ನು ತಂದಿದ್ದರು. ಅವರೊಡನೆ ಕುಳಿತು ಅದಕ್ಕೆ ಧ್ವನಿಯ ಡಿಕೋಡರನ್ನು ಜೋಡಿಸುವ ಅವಕಾಶ ನನಗೆ ದೊರೆಯಿತು. ಆ ಕೆಲಸದ ತತ್ತ್ವವನ್ನೂ ಕ್ರಮವನ್ನೂ ಇಲ್ಲಿ ಸ್ಥೂಲವಾಗಿ ವಿವರಿಸಲು ಯತ್ನಿಸುತ್ತೇನೆ.

ಎರಡನೆಯ ಮಹಾಯುದ್ಧದ ತರುವಾಯ ಜಪಾನಿನ ಕುಶಲಕರ್ಮಿಗಳು ಅಮೆರಿಕೆಯ ರೈಲು ಎಂಜಿನ್ನುಗಳ ಮಾದರಿಗಳನ್ನು ಹಿತ್ತಾಳೆಯಲ್ಲಿ ತಯಾರಿಸಿ ಆ ದೇಶಕ್ಕೆ ಕಳುಹಿಸತೊಡಗಿದರು. ಟೋಕಿಯೊದ ತೆನ್‌ಶೋದೋ ಸಂಸ್ಥೆ ಈ ಕೆಲಸದಲ್ಲಿ ಹೆಸರಾದುದು. ಇವುಗಳ ಗಾತ್ರ ನಿಜವಾದ ಎಂಜಿನ್ನಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವಣ ಅಂತರ 16.5 ಮಿಲಿಮೀಟರು. ಸಣ್ಣ ಕೊಳವೆ, ಏಣಿ, ಗಂಟೆಗಳನ್ನೆಲ್ಲ ಕೈಯಿಂದಲೇ ಬೆಸೆದಿರುತ್ತಾರೆ. ಹಳಿಗೆ 12 ವೋಲ್ಟಿನವರೆಗೆ ಏಕಮುಖ ವಿದ್ಯುತ್ತನ್ನು ಕೊಟ್ಟರೆ ಎಂಜಿನ್ನು ಓಡುತ್ತದೆ. ಆದರೆ ಓಡುವಾಗ ಕೇಳುವುದು ಹಲ್ಲುಚಕ್ರಗಳ ಕಿರುಗುಟ್ಟುವಿಕೆ ಮಾತ್ರ. ಉಗಿಯ ಉಸಿರೂ ಇಲ್ಲ, ಸಿಳ್ಳೂ ಇಲ್ಲ.

ಅಮೆರಿಕೆಯ ರಾಷ್ಟ್ರೀಯ ಮಾದರಿ ರೈಲ್ವೆ ಸಂಘವು ಜರ್ಮನಿಯ ಲೆಂಝ್ ಸಂಸ್ಥೆಯ ಪದ್ಧತಿಯನ್ನು ಆಧರಿಸಿ 1990ರ ದಶಕದಲ್ಲಿ ಅಂಕೀಯ ನಿಯಂತ್ರಣದ ನಿಯಮಗಳನ್ನು ರೂಪಿಸಿತು. ಇದರಲ್ಲಿ ಹಳಿಯ ಮೇಲೆ ಪೂರ್ಣ ವೋಲ್ಟೇಜು ಸದಾ ಇರುತ್ತದೆ. ಅದರ ದಿಕ್ಕು ಮಾತ್ರ ಅತಿ ವೇಗವಾಗಿ ಬದಲಾಗುತ್ತಿರುತ್ತದೆ. ಅರ್ಧ ಅಲೆಯ ಅವಧಿ 58 ಮೈಕ್ರೋಸೆಕೆಂಡಾದರೆ ಅದು 'ಒಂದು'. 100 ಅಥವಾ ಅದಕ್ಕೂ ಹೆಚ್ಚಾದರೆ 'ಸೊನ್ನೆ'. ಹಿಂದಿನ ತಂತಿ ಕಚೇರಿಯ ಚುಕ್ಕೆ-ಗೆರೆಗಳಂತೆಯೇ ಈ ಒಂದು-ಸೊನ್ನೆಗಳಿಂದ ಅಪ್ಪಣೆಗಳು ಹೋಗುತ್ತವೆ. ಪ್ರತಿಯೊಂದು ಎಂಜಿನ್ನಿಗೂ ಒಂದು ಸಂಖ್ಯೆಯ ವಿಳಾಸವುಂಟು. ಎಂಜಿನ್ನಿನೊಳಗಿನ ಡಿಕೋಡರು ತನ್ನ ವಿಳಾಸಕ್ಕೆ ಬಂದ ಅಪ್ಪಣೆಯನ್ನು ಮಾತ್ರ ಓದಿ ಮೋಟಾರು, ದೀಪ, ಸ್ಪೀಕರುಗಳನ್ನು ನಡೆಸುತ್ತದೆ.

ಇನ್ನು ತೊಡಕಿನ ವಿಷಯಕ್ಕೆ ಬರೋಣ. ಹಿತ್ತಾಳೆ ಉತ್ತಮ ವಿದ್ಯುದ್ವಾಹಕ. ಈ ಮಾದರಿಗಳಲ್ಲಿ ಎಂಜಿನ್ನಿನ ಇಡೀ ಮೈ ಒಂದು ಹಳಿಯೊಡನೆಯೂ, ಹಿಂದಿನ ಟೆಂಡರಿನ ಮೈ ಇನ್ನೊಂದು ಹಳಿಯೊಡನೆಯೂ ಸಂಪರ್ಕದಲ್ಲಿರುತ್ತವೆ. ಹಳೆಯ ಮೋಟಾರಿನ ಒಂದು ಬ್ರಷ್ಷನ್ನು ನೇರವಾಗಿ ಚೌಕಟ್ಟಿಗೇ ಸೇರಿಸಿರುತ್ತಾರೆ. ಹಿಂದಿನ ಪದ್ಧತಿಗೆ ಇದು ಸರಿಯೇ. ಆದರೆ ಡಿಕೋಡರು ಹಳಿಗೂ ಮೋಟಾರಿಗೂ ನಡುವೆ ನಿಲ್ಲತಕ್ಕದ್ದು. ಮೋಟಾರಿನಿಂದ ಚೌಕಟ್ಟಿಗೆ ಎಲ್ಲಿಯಾದರೂ ಕಳ್ಳದಾರಿ ಉಳಿದಿದ್ದರೆ ಹಳಿಯ ವಿದ್ಯುತ್ತು ಡಿಕೋಡರಿನ ಹೊರತುದಿಗೆ ನುಗ್ಗಿ ಕ್ಷಣಮಾತ್ರದಲ್ಲಿ ಅದನ್ನು ಸುಟ್ಟುಬಿಡುತ್ತದೆ. ಆದುದರಿಂದ ಈ ಕೆಲಸದಲ್ಲಿ ಜೋಡಿಸುವುದಕ್ಕಿಂತ ಬೇರ್ಪಡಿಸುವುದೇ ಮುಖ್ಯ.

ಕ್ರಮ ಹೀಗಿದೆ. ಮೊದಲು 12 ವೋಲ್ಟು ಕೊಟ್ಟು ಮೋಟಾರಿನ ದಂಡವನ್ನು ಒಂದು ಕ್ಷಣ ತಡೆಹಿಡಿದು, ಅದು ಎಳೆಯುವ ವಿದ್ಯುತ್ತನ್ನು ಅಳೆಯಬೇಕು. ಅದು ಡಿಕೋಡರಿನ ಮಿತಿಯನ್ನು ಮೀರಿದರೆ ಮೋಟಾರನ್ನೇ ಬದಲಿಸುವುದು ಲೇಸು; ಅಯಸ್ಕಾಂತ ದುರ್ಬಲವಾದ ಹಳೆಯ ಮೋಟಾರುಗಳು ಹೆಚ್ಚು ವಿದ್ಯುತ್ತನ್ನು ಬಯಸುತ್ತವೆ. ಎರಡನೆಯದಾಗಿ, ಚೌಕಟ್ಟಿಗೆ ಸೇರಿದ ಬ್ರಷ್ಷನ್ನು ಬಿಡಿಸಿ, ನಡುವೆ ಫೈಬರಿನ ಬಿಲ್ಲೆಯನ್ನಿಟ್ಟು, ಬ್ರಷ್ಷಿಗೂ ಚೌಕಟ್ಟಿಗೂ ಸಂಪರ್ಕವಿಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು. ಮೂರನೆಯದಾಗಿ, ಡಿಕೋಡರಿನ ಕೆಂಪು ಮತ್ತು ಕಪ್ಪು ತಂತಿಗಳನ್ನು ಹಳಿಯ ಕಡೆಗೂ, ಕಿತ್ತಳೆ ಮತ್ತು ಬೂದು ತಂತಿಗಳನ್ನು ಮೋಟಾರಿಗೂ ಬೆಸೆಯಬೇಕು. ಡಿಕೋಡರು ಟೆಂಡರಿನಲ್ಲಿದ್ದರೆ ಎಂಜಿನ್ನಿಗೆ ಐದು ತಂತಿಗಳು ಹೋಗುತ್ತವೆ: ಮೋಟಾರಿಗೆ ಎರಡು, ದೀಪಕ್ಕೆ ಎರಡು, ಹಳಿಯ ಸಂಪರ್ಕಕ್ಕೆ ಒಂದು. ತಿರುವಿನಲ್ಲಿ ಎಂಜಿನ್ನೂ ಟೆಂಡರೂ ಒಂದಕ್ಕೊಂದು ತಾಕದಂತೆಯೂ ನೋಡಿಕೊಳ್ಳಬೇಕು. ಕೊನೆಗೆ, ಅತ್ಯಲ್ಪ ವಿದ್ಯುತ್ತನ್ನು ಮಾತ್ರ ಕೊಡುವ ಪರೀಕ್ಷಾ ಹಳಿಯ ಮೇಲಿಟ್ಟು ವಿಳಾಸವನ್ನು ಓದಿಸಬೇಕು. ಹೊಸ ಡಿಕೋಡರಿನ ವಿಳಾಸ 3. ಅದು ಸರಿಯಾಗಿ ಉತ್ತರಿಸಿದ ಮೇಲೆಯೇ ಪೂರ್ಣ ವಿದ್ಯುತ್ತು.

ಸ್ಪೀಕರನ್ನು ಟೆಂಡರಿನ ತಳದಲ್ಲಿ ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸಬೇಕು. ಪೆಟ್ಟಿಗೆಯಿಲ್ಲದಿದ್ದರೆ ಸ್ಪೀಕರಿನ ಹಿಂದಿನಿಂದ ಹೊರಡುವ ಅಲೆಯು ಮುಂದಿನ ಅಲೆಯನ್ನು ಅಳಿಸಿಹಾಕಿ ದನಿ ತೆಳುವಾಗುತ್ತದೆ.

ಉಗಿಯ ಶಬ್ದದ ಲೆಕ್ಕ ಸ್ವಾರಸ್ಯವಾಗಿದೆ. ಎರಡು ಸಿಲಿಂಡರುಗಳ ಎಂಜಿನ್ನಿನಲ್ಲಿ ಕೊಂತದ ಎರಡು ಬದಿಗೂ ಉಗಿ ಹೋಗುವುದರಿಂದ ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ 'ಛುಕ್' ಎನ್ನುತ್ತದೆ. 1.6 ಮೀಟರ್ ವ್ಯಾಸದ ಚಕ್ರವು ಗಂಟೆಗೆ 30 ಕಿಲೋಮೀಟರು ಓಡಿದರೆ ಸೆಕೆಂಡಿಗೆ ಆರೇಳು ಸಲ. ಮಾದರಿಯಲ್ಲಿ ಈ ತಾಳ ತಪ್ಪಿದರೆ ಕಿವಿ ಒಡನೆಯೇ ಗುರುತಿಸುತ್ತದೆ. ಡಿಕೋಡರು ಆಗಾಗ ಕ್ಷಣಕಾಲ ಮೋಟಾರಿನ ವಿದ್ಯುತ್ತನ್ನು ನಿಲ್ಲಿಸಿ, ತಿರುಗುತ್ತಿರುವ ಮೋಟಾರು ಡೈನಮೋವಿನಂತೆ ತಾನೇ ಉತ್ಪಾದಿಸುವ ವೋಲ್ಟೇಜನ್ನು ಅಳೆದು ವೇಗವನ್ನು ತಿಳಿದುಕೊಳ್ಳುತ್ತದೆ. ಏರಿನಲ್ಲಿ ಹೊರೆ ಹೆಚ್ಚಿದರೆ ದನಿಯನ್ನೂ ಏರಿಸಬಲ್ಲುದು.

ಡಿಕೋಡರಿನಲ್ಲಿ ಅಡಗಿರುವ ಸಿಳ್ಳುಗಳಲ್ಲಿ ಹಲವು, ಉಳಿದುಬಂದಿರುವ ನಿಜವಾದ ಎಂಜಿನ್ನುಗಳಿಂದ ಮುದ್ರಿಸಿಕೊಂಡವು. ಹಾಗೆಯೇ ಆ ಹಿತ್ತಾಳೆಯ ಮೈಯೂ ಜಪಾನಿನ ಕುಶಲಕರ್ಮಿಗಳು ಬಿಟ್ಟುಹೋದ ದಾಖಲೆ. ಆದುದರಿಂದ ನಾವು ಹೊಸ ತೂತನ್ನು ಕೊರೆಯಲಿಲ್ಲ; ತಳದಲ್ಲಿದ್ದ ತೂತುಗಳನ್ನೇ ಬಳಸಿದೆವು. ಕಳಚಿದ ತಿರುಪು, ಬ್ರಷ್ ಹಿಡಿಕೆಗಳನ್ನು ಹೆಸರು ಬರೆದ ಲಕೋಟೆಯಲ್ಲಿಟ್ಟು ಎಂಜಿನ್ನಿನ ಪೆಟ್ಟಿಗೆಯಲ್ಲಿಯೇ ಸೇರಿಸಿದ್ದೇವೆ. ಮುಂದೆ ಯಾರಾದರೂ ಅದನ್ನು ಮೊದಲಿದ್ದಂತೆ ಮಾಡಬೇಕೆಂದರೆ ಒಂದು ಸಂಜೆಯ ಕೆಲಸ ಸಾಕು. ಹಳೆಯ ವಸ್ತುವಿಗೆ ಹೊಸ ವಿದ್ಯೆಯನ್ನು ಸೇರಿಸಬಯಸುವ ಮಿತ್ರರೆಲ್ಲರೂ ಈ ನಿಯಮವನ್ನು ಪಾಲಿಸಬೇಕೆಂದು ನನ್ನ ವಿನಂತಿ.