ಮನೆಸಾಮಾನಿನ ಸಾಗಣೆಯಲ್ಲಿ ಬಲವಿಜ್ಞಾನ

ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ಎರಡರಲ್ಲಿಯೂ ಮಲಗುವ ಕೋಣೆ ಮೊದಲನೆಯ ಮಹಡಿಯ ಮೇಲಿದೆ. ಎರಡಕ್ಕೂ ಒಂದೇ ಅಳತೆಯ ಉಕ್ಕಿನ ಬೀರುವನ್ನು ಸಾಗಿಸಬೇಕಾಗಿದೆ. ಮೊದಲ ಮನೆಯಲ್ಲಿ ಇಬ್ಬರು ಹಮಾಲರು ಕಾಲು ಗಂಟೆಯೊಳಗೆ ಅದನ್ನು ಗೋಡೆಗೆ ಒರಗಿಸಿ, ಬೆವರೊರಸಿಕೊಂಡು ಕೆಳಗಿಳಿಯುತ್ತಾರೆ. ಎರಡನೆಯ ಮನೆಯಲ್ಲಿ ಅದೇ ಇಬ್ಬರು ಒಂದು ಗಂಟೆ ಹೆಣಗಿ, ಗೋಡೆಯ ಸುಣ್ಣ ಕೆರೆದು, ಬಾಗಿಲನ್ನು ತಿರುಗಣಿಯಿಂದ ಕಳಚಿ, ಕಡೆಗೆ ಬೀರುವನ್ನು ಮೆಟ್ಟಿಲಿನ ನಡುವೆಯೇ ನಿಲ್ಲಿಸಿ ಮನೆಯ ಯಜಮಾನನ ಮುಖ ನೋಡುತ್ತಾರೆ. ಬೀರುವಿನ ತೂಕ ಬದಲಾಗಿಲ್ಲ. ಮಹಡಿಯ ಎತ್ತರವೂ ಬದಲಾಗಿಲ್ಲ. ಹಾಗಾದರೆ ವ್ಯತ್ಯಾಸ ಬಂದುದು ಎಲ್ಲಿಂದ?

ಬೀರುವಿನ ಎತ್ತರ ಆರೂವರೆ ಅಡಿ, ಅಗಲ ಮೂರಡಿ, ದಪ್ಪ ಒಂದೂವರೆ ಅಡಿ, ತೂಕ 90 ಕಿಲೊಗ್ರಾಂ ಎಂದು ಇಟ್ಟುಕೊಳ್ಳೋಣ. ಅದನ್ನು 3 ಮೀಟರು ಮೇಲಕ್ಕೆತ್ತಲು ಗುರುತ್ವಾಕರ್ಷಣೆಗೆ ಎದುರಾಗಿ ಮಾಡಬೇಕಾದ ಕೆಲಸ 90 × 9.8 × 3, ಅಂದರೆ ಸುಮಾರು 2,650 ಜೂಲ್. ಶಾಖದ ಲೆಕ್ಕದಲ್ಲಿ ಇದು ಒಂದು ಕಿಲೊಕ್ಯಾಲರಿಗಿಂತಲೂ ಕಡಿಮೆ. ನಮ್ಮ ಸ್ನಾಯುಗಳು ಉರಿಸಿದ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲೋ ಅದಕ್ಕೂ ಕಡಿಮೆಯೋ ಕೆಲಸವಾಗಿ ಮಾರ್ಪಡುತ್ತದೆಂದು ಗಣಿಸಿದರೂ, ಬಾಳೆಹಣ್ಣಿನ ಒಂದು ತುಣುಕು ಈ ಖರ್ಚನ್ನು ತುಂಬಿಕೊಡುತ್ತದೆ. ಆದುದರಿಂದ ಹಮಾಲನನ್ನು ದಣಿಸುವುದು ಕೆಲಸದ ಮೊತ್ತವಲ್ಲ. ಭಾರವನ್ನು ಹಿಡಿದು ಸುಮ್ಮನೆ ನಿಂತಾಗ ಭೌತಶಾಸ್ತ್ರದ ಅರ್ಥದಲ್ಲಿ ಕೆಲಸ ಸೊನ್ನೆ. ಆದರೆ ಬಿಗಿದ ಸ್ನಾಯು ಶಕ್ತಿಯನ್ನು ವ್ಯಯಿಸುತ್ತಲೇ ಇರುತ್ತದೆ. ಎಷ್ಟು ಹೊತ್ತು ಹಿಡಿಯಬೇಕು, ಎಷ್ಟು ಬಲದಿಂದ ಹಿಡಿಯಬೇಕು ಎಂಬ ಎರಡನ್ನೂ ನಿರ್ಧರಿಸುವುದು ಮನೆಯ ಆಕಾರ.

ಮೊದಲು ಮೂಲೆಯನ್ನು ನೋಡೋಣ. ಒಂದೇ ಅಗಲದ ಎರಡು ಪ್ಯಾಸೇಜುಗಳು ಲಂಬಕೋನದಲ್ಲಿ ಕೂಡಿವೆ. ಬೀರು ಈ ತಿರುವಿನಲ್ಲಿ ಸರಿಯಾಗಿ 45 ಡಿಗ್ರಿ ಓರೆಯಾದಾಗ ಇಕ್ಕಟ್ಟು ಅತ್ಯಧಿಕ. ಆಗ ಅದರ ಉದ್ದಬದಿಯ ಎರಡು ತುದಿಗಳು ಹೊರಗೋಡೆಗಳಿಗೆ ತಾಗುತ್ತವೆ. ಒಳಮೂಲೆ ಎದುರುಬದಿಯ ನಡುಭಾಗವನ್ನು ಒತ್ತುತ್ತದೆ. ಹೊರಮೂಲೆಯಿಂದ ಒಳಮೂಲೆಗೆ ಇರುವ ದೂರ ಪ್ಯಾಸೇಜಿನ ಅಗಲದ 1.414ರಷ್ಟು. ಈ ದೂರದೊಳಗೆ ಬೀರುವಿನ ಅರ್ಧ ಉದ್ದವೂ ಪೂರ್ಣ ದಪ್ಪವೂ ಅಡಗಬೇಕು. ಚಿತ್ರ ಬರೆದು ನೋಡಿದರೆ ವಾಚಕರಿಗೆ ಇದು ಕೂಡಲೇ ಸ್ಪಷ್ಟವಾಗುತ್ತದೆ.

ಬೀರುವನ್ನು ಹೊಟ್ಟೆಯ ಮಟ್ಟಕ್ಕೆ ಮಲಗಿಸಿ ಹೊತ್ತುಕೊಂಡು ಹೋಗುವುದು ಸುಲಭವೆಂದು ಎಲ್ಲರಿಗೂ ತೋರುತ್ತದೆ. ಪಕ್ಕಕ್ಕೆ ಮಲಗಿಸಿದಾಗ ನೆಲದ ಮೇಲಿನ ಅದರ ಆಯತ ಆರೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ. ಅರ್ಧ ಉದ್ದ 3.25, ದಪ್ಪ 1.5, ಒಟ್ಟು 4.75, ಇದನ್ನು 1.414ರಿಂದ ಭಾಗಿಸಿದರೆ 3.36 ಅಡಿ. ನೆಟ್ಟಗೆ ನಿಲ್ಲಿಸಿಕೊಂಡು ಸಾಗಿಸಿದರೆ ಆಯತ ಮೂರಡಿಗೆ ಒಂದೂವರೆ ಅಡಿ. ಬೇಕಾದ ಅಗಲ 2.12 ಅಡಿ ಮಾತ್ರ. ಎಂದರೆ ಮೂರಡಿಯ ಪ್ಯಾಸೇಜಿನಲ್ಲಿ ಮಲಗಿದ ಬೀರು ತಿರುಗುವುದೇ ಇಲ್ಲ. ನಿಂತ ಬೀರು, ಹಿಡಿದ ಕೈಗಳಿಗೂ ಜಾಗ ಬಿಟ್ಟು ತಿರುಗುತ್ತದೆ. ಅನುಭವಿ ಹಮಾಲರು ಬೀರುವಿನ ಅಡಿಗೆ ಗೋಣಿತಟ್ಟು ಹಾಸಿ, ನಿಂತ ಸ್ಥಿತಿಯಲ್ಲಿಯೇ ಅದನ್ನು ಜರುಗಿಸುವುದಕ್ಕೆ ಕಾರಣವಿದು.

ಉದ್ದನೆಯ ಗಳುವಿಗೂ ಇದೇ ನ್ಯಾಯ. ಮೂರಡಿಯ ಎರಡು ಪ್ಯಾಸೇಜುಗಳು ಕೂಡುವಲ್ಲಿ, ನೆಲಕ್ಕೆ ಸಮಾನಾಂತರವಾಗಿ ಹಿಡಿದ ಗಳು ಎಂಟೂವರೆ ಅಡಿಗಿಂತ ಉದ್ದವಿದ್ದರೆ ತಿರುಗದು. ಛಾವಣಿ ಒಂಬತ್ತು ಅಡಿ ಎತ್ತರವಿದ್ದು, ಗಳುವಿನ ಒಂದು ತುದಿಯನ್ನು ಛಾವಣಿಯವರೆಗೂ ಎತ್ತಿದರೆ ಹನ್ನೆರಡು ಅಡಿಯ ಗಳು ಕೂಡ ನುಸುಳುತ್ತದೆ. ನೆಲದ ಮೇಲೆ ಸಿಗದ ಜಾಗವನ್ನು ಗಾಳಿಯಲ್ಲಿ ಪಡೆದಂತಾಯಿತು.

ಈ ಮೂಲೆಯ ಪ್ರಶ್ನೆ ಗಣಿತಜ್ಞರನ್ನೂ ಕಾಡಿದೆ. ಒಂದಡಿ ಅಗಲದ ಪ್ಯಾಸೇಜಿನ ಲಂಬಕೋನದ ತಿರುವಿನಲ್ಲಿ ನೆಲದ ಮೇಲೆ ಜರುಗಿಸಿಯೇ ಸಾಗಿಸಬಹುದಾದ ಅತಿ ದೊಡ್ಡ ಸೋಫಾದ ಕ್ಷೇತ್ರಫಲವೆಷ್ಟು ಎಂದು 1966ರಲ್ಲಿ ಲಿಯೊ ಮೋಸರ್ ಕೇಳಿದರು. 1968ರಲ್ಲಿ ಹ್ಯಾಮರ್‌ಸ್ಲಿ ಎಂಬವರು ಹಳೆಯ ಟೆಲಿಫೋನಿನ ರಿಸೀವರನ್ನು ಹೋಲುವ ಆಕೃತಿಯಿಂದ 2.2074 ಚದರ ಅಡಿ ಸಾಧ್ಯವೆಂದು ತೋರಿಸಿದರು. 1992ರಲ್ಲಿ ಗರ್ವರ್ ಅದನ್ನು 2.2195ಕ್ಕೆ ಏರಿಸಿದರು. ಇದಕ್ಕಿಂತ ದೊಡ್ಡದು ಇರಲಾರದೆಂಬ ಸಾಧನೆಯನ್ನು ಜಿನಿಯನ್ ಬೇಕ್ ಎಂಬ ಗಣಿತಜ್ಞರು 2024ರಲ್ಲಿ ವಿದ್ವಾಂಸರ ಮುಂದಿಟ್ಟರು. ಇಂತಹ ಸೋಫಾದ ಮೇಲೆ ಕೂರಲು ಹಿತವೇ ಎಂಬುದು ಬೇರೆ ಮಾತು!

ತಿರುವು ದಾಟಿದ ಮೇಲೆ ಬಾಗಿಲು. ಹಳೆಯ ಮನೆಗಳಲ್ಲಿ ಬಾಗಿಲುಗಳು ತಗ್ಗು. ಬೀರುವನ್ನು ಮಲಗಿಸಿಯೇ ಒಳಗೆ ತರಬೇಕು. ಆದರೆ ಅಂತಹ ಅನೇಕ ಮನೆಗಳಲ್ಲಿ ತಲೆಬಾಗಿಲು, ನಡುಮನೆಯ ಬಾಗಿಲು, ಹಿತ್ತಲ ಬಾಗಿಲು ಒಂದೇ ನೇರದಲ್ಲಿರುವುದರಿಂದ ಮಲಗಿದ ಬೀರುವಿಗೆ ತೊಂದರೆಯಿಲ್ಲ. ಒಳಗೆ ಬಂದುದನ್ನು ಮತ್ತೆ ಎಬ್ಬಿಸಿ ನಿಲ್ಲಿಸುವಾಗ ಮಾತ್ರ ಎಚ್ಚರ ಬೇಕು. ನಿಲ್ಲುವ ಮುನ್ನ ಬೀರು ತನ್ನ ಕರ್ಣದಷ್ಟು ಎತ್ತರಕ್ಕೆ ಏಳುತ್ತದೆ. ಬೆನ್ನ ಮೇಲೆ ಮಲಗಿದ್ದನ್ನು ಎಬ್ಬಿಸಿದರೆ ಈ ಕರ್ಣ 6.67 ಅಡಿ, ಪಕ್ಕಕ್ಕೆ ಮಲಗಿದ್ದನ್ನು ಎಬ್ಬಿಸಿದರೆ 7.16 ಅಡಿ. ಏಳಡಿಯ ಮಟ್ಟದಲ್ಲಿ ಅಟ್ಟವೋ ತೊಲೆಯೋ ಇದ್ದರೆ ಮೊದಲನೆಯದು ಸಾಧ್ಯ, ಎರಡನೆಯದು ಅಸಾಧ್ಯ.

ಬೀದಿಯಿಂದ ಬಾಗಿಲಿಗೆ ಇರುವ ದೂರದ ವಿಷಯ ಸರಳವಾದುದು. ವಠಾರದ ಓಣಿಯೊಳಗೆ ಲಾರಿ ಬಾರದೆ 60 ಮೀಟರು ಆಚೆಗೆ ನಿಂತರೆ, ನಲವತ್ತು ಹೊರೆಗಳಿಗೆ ಹೋಗಿಬರುವ ನಡಿಗೆ 4,800 ಮೀಟರು. 10 ಮೀಟರಿನಲ್ಲಿ ನಿಂತರೆ 800 ಮೀಟರು.

ಇನ್ನು ಮೆಟ್ಟಿಲು. ನನ್ನ ದೃಷ್ಟಿಯಲ್ಲಿ ಮನೆಯ ನಕ್ಷೆ ಮನುಷ್ಯನ ಬೆನ್ನನ್ನು ನೇರವಾಗಿ ಮುಟ್ಟುವುದು ಇಲ್ಲಿಯೇ. ಸಮನೆಲದ ಮೇಲೆ ಇಬ್ಬರು ಬೀರುವಿನ ತಳದಂಚುಗಳನ್ನು ಹಿಡಿದು ಹೊತ್ತರೆ ಇಬ್ಬರಿಗೂ 45 ಕಿಲೊಗ್ರಾಂ ಪಾಲು ಬರುತ್ತದೆ. ಮೆಟ್ಟಿಲಿನ ಮೇಲೆ ಈ ಸಮಪಾಲು ಉಳಿಯುವುದಿಲ್ಲ. ಬೀರುವಿನ ಗುರುತ್ವಕೇಂದ್ರ ಹಿಡಿದ ಅಂಚುಗಳಿಗಿಂತ ಮೇಲಿದೆ. ಇಡೀ ಬೀರು ಓರೆಯಾದಾಗ ಆ ಕೇಂದ್ರ ಕೆಳಗಿನವನ ಕಡೆಗೆ ವಾಲುತ್ತದೆ. ಇಬ್ಬರೂ ನೆಟ್ಟಗೆ ಮೇಲ್ಮುಖವಾಗಿ ಬಲ ಹಾಕುತ್ತಾರೆಂದು ಭಾವಿಸಿ, ಮೇಲಿನವನ ಕೈಯನ್ನು ಆಧಾರಬಿಂದುವಾಗಿ ಇಟ್ಟುಕೊಂಡು ಬಲಭ್ರಾಮಕಗಳನ್ನು ಸರಿದೂಗಿಸಿದರೆ ಚಿಕ್ಕದೊಂದು ಸೂತ್ರ ದೊರೆಯುತ್ತದೆ. ಕೆಳಗಿನವನಿಗೆ ಬೀಳುವ ಹೆಚ್ಚಿನ ಭಾರ = ತೂಕ × (ಹೊರೆಯ ದಪ್ಪ ÷ ಉದ್ದದ ಎರಡರಷ್ಟು) × (ಮೆಟ್ಟಿಲಿನ ಎತ್ತರ ÷ ಅಗಲ).

ಮೆಟ್ಟಿಲಸಾಲು ನಾಲ್ಕಡಿ ವಿಶಾಲವಾಗಿದ್ದು, ಒಂದೊಂದು ಮೆಟ್ಟಿಲೂ 7 ಅಂಗುಲ ಎತ್ತರ, 10 ಅಂಗುಲ ಅಗಲ ಇರಲಿ. ಬೀರುವನ್ನು ಬೆನ್ನ ಮೇಲೆ ಮಲಗಿಸಿ ಒಯ್ಯಬಹುದು. ಆಗ ಹೊರೆಯ ದಪ್ಪ ಒಂದೂವರೆ ಅಡಿ. ಹೆಚ್ಚಿನ ಭಾರ 90 × (1.5 ÷ 13) × 0.7, ಎಂದರೆ ಸುಮಾರು 7 ಕಿಲೊಗ್ರಾಂ. ಕೆಳಗಿನವನಿಗೆ 52, ಮೇಲಿನವನಿಗೆ 38. ಈಗ ನಿವೇಶನದಲ್ಲಿ ಜಾಗ ಉಳಿಸಲು ಎರಡೂವರೆ ಅಡಿಯಲ್ಲಿ ಕಟ್ಟಿದ ಮೆಟ್ಟಿಲಸಾಲನ್ನು ತೆಗೆದುಕೊಳ್ಳಿ. ಮೂರಡಿಯ ಬೀರು ಬೆನ್ನ ಮೇಲೆ ಮಲಗಿ ಇದರಲ್ಲಿ ಹಿಡಿಯುವುದಿಲ್ಲ, ಪಕ್ಕಕ್ಕೆ ಮಲಗಿಸಲೇಬೇಕು. ದಪ್ಪ ಒಮ್ಮೆಲೇ ಮೂರಡಿಯಾಯಿತು. ಇಂತಹ ಮೆಟ್ಟಿಲು ಸಾಮಾನ್ಯವಾಗಿ ಕಡಿದೂ ಆಗಿರುತ್ತದೆ: 9 ಅಂಗುಲ ಎತ್ತರ, 8 ಅಂಗುಲ ಅಗಲ. ಹೆಚ್ಚಿನ ಭಾರ 90 × (3 ÷ 13) × (9 ÷ 8), ಅಂದರೆ 23 ಕಿಲೊಗ್ರಾಂ. ಕೆಳಗಿನವನಿಗೆ 68, ಮೇಲಿನವನಿಗೆ 22! ಅದೇ ಬೀರು, ಅದೇ ಎತ್ತರ. ಕೆಳಗೆ ನಿಂತವನ ಹೊರೆಗೆ ಹದಿನಾರು ಕಿಲೊಗ್ರಾಂ ಸೇರಿಸಿದವರು ಮನೆಯ ನಕ್ಷೆ ತಯಾರಿಸಿದವರು. ಕಾಲಿಡಲು ಎಂಟೇ ಅಂಗುಲ ಇರುವ ಮೆಟ್ಟಿಲಿನ ಮೇಲೆ ಅವನು ಇದನ್ನು ತಾಳಬೇಕು.

ಇದಕ್ಕೆ ಪರಿಹಾರವೂ ಸೂತ್ರದಲ್ಲಿಯೇ ಅಡಗಿದೆ. ಹಿಡಿಯುವ ಬಿಂದುಗಳು ಗುರುತ್ವಕೇಂದ್ರದ ಮಟ್ಟಕ್ಕೆ ಬಂದರೆ ಹೆಚ್ಚಿನ ಭಾರ ಸೊನ್ನೆಯಾಗುತ್ತದೆ. ಆದುದರಿಂದ ಬೀರುವಿಗೆ ಹಗ್ಗ ಬಿಗಿದು, ಎರಡೂ ತುದಿಗಳಲ್ಲಿ ದಪ್ಪದ ಅರ್ಧಕ್ಕೆ ಕುಣಿಕೆಗಳನ್ನು ಮಾಡಿ ಹಿಡಿದರೆ ಪಾಲು ಮತ್ತೆ ಸಮನಾಗುತ್ತದೆ. ಕುಣಿಕೆಗಳು ಇನ್ನೂ ಮೇಲಿದ್ದರೆ ಮೇಲಿನವನಿಗೇ ಭಾರ ಹೆಚ್ಚು.

ಮೆಟ್ಟಿಲು ತೀರ ಇಕ್ಕಟ್ಟಾದರೆ ಮನೆಯ ಹೊರಗಿನ ದಾರಿ ಉಳಿಯುತ್ತದೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳ ದಂಡೆಯ ಹಳೆಯ ಮನೆಗಳಲ್ಲಿ ಮೆಟ್ಟಿಲುಗಳು ಏಣಿಯಂತೆ ಕಡಿದು. ಅದಕ್ಕಾಗಿ ಮನೆಯ ನೆತ್ತಿಯಿಂದ ಬೀದಿಯ ಕಡೆಗೆ ಒಂದು ತೊಲೆಯನ್ನು ಚಾಚಿ ಕೊಕ್ಕೆ ಇಟ್ಟಿದ್ದಾರೆ. ರಾಟೆ ಕಟ್ಟಿ ಸಾಮಾನುಗಳನ್ನು ಕಿಟಕಿಯಿಂದ ಒಳಗೆ ಎಳೆದುಕೊಳ್ಳುತ್ತಾರೆ. ನಮ್ಮ ಊರುಗಳಲ್ಲಿ ಬೇರೆ ದಾರಿಯಿಲ್ಲದಾಗ ರಾಟೆಯಿಲ್ಲದೆಯೇ, ತಾರಸಿಯ ಗೋಡೆಯಂಚಿನ ಮೇಲೆ ಹಗ್ಗ ಹಾಯಿಸಿ ಎಳೆಯುವುದುಂಟು. ಅಂಚಿನ ಮೇಲೆ ಹಗ್ಗ ಲಂಬಕೋನದಲ್ಲಿ ಬಾಗಿ, ಘರ್ಷಣಾಂಕ 0.3 ಇದೆಯೆಂದು ಭಾವಿಸಿದರೆ, 90 ಕಿಲೊಗ್ರಾಮಿನ ಬೀರುವನ್ನು ಏರಿಸಲು 144 ಕಿಲೊಗ್ರಾಮಿನಷ್ಟು ಎಳೆಯಬೇಕು. ಇಳಿಸುವಾಗ 56 ಕಿಲೊಗ್ರಾಮಿನಷ್ಟು ಹಿಡಿದರೆ ಸಾಕು. ಮಹಡಿಯ ಮನೆ ಬಿಡುವ ದಿನ ಹಗ್ಗ ಹಿಡಿದ ಮೂವರು, ಅಂತಹದೇ ಮನೆಗೆ ಸಾಮಾನು ಏರಿಸುವ ದಿನ ಸಾಲದೆ ಹೋಗುವುದು ಹೀಗೆ. ಗೋಡೆಯಂಚಿನಲ್ಲಿ ಸಲೀಸಾಗಿ ಉರುಳುವಂತೆ ಒಂದು ಕಬ್ಬಿಣದ ಕೊಳವೆಯನ್ನು ಹೂಡಿ ಅದರ ಮೇಲೆ ಹಗ್ಗ ಹಾಯಿಸಿದರೆ ಎಳೆಯಬೇಕಾದ ಬಲ 144ರಿಂದ 90ರ ಸಮೀಪಕ್ಕೆ ಇಳಿಯುತ್ತದೆ. ಆದರೆ ಇಳಿಸುವಾಗಲೂ ಅಷ್ಟನ್ನೇ ಹಿಡಿಯಬೇಕಾಗುವುದರಿಂದ, ಆ ದಿನ ಕೊಳವೆಯನ್ನು ತೆಗೆದಿಡುವುದು ಲೇಸು.