ಎಲೆ ಕಲಸುವವರ ಕೈ ನೋಡು

ಮಗೂ, ಇಸ್ಪೀಟಿನ ಮುಂದೆ ಕೂತಾಗ ಎದುರಿನವರ ಮುಖ ಓದುವುದನ್ನು ಆಮೇಲೆ ಕಲಿ. ಎಲೆ ಕಲಸುವವರ ಕೈ ನೋಡುವುದನ್ನು ಮೊದಲು ಕಲಿ.

ನೀನು ಕೇಳಿದ್ದು ಎರಡು ಪ್ರಶ್ನೆ. ಗೆಲ್ಲುವುದು ಹೇಗೆ, ಜನ ಕಳ್ಳಾಟ ಆಡುವುದು ಹೇಗೆ. ಜರ್ಮನಿಯ ಬೊಬ್ಲಿಂಗೆನ್ನಿಗೆ ಕೆಲಸಕ್ಕೆಂದು ಬಂದು ನಾಲ್ಕು ಹುಡುಗರ ಜೊತೆ ಮನೆ ಹಂಚಿಕೊಂಡಿದ್ದೀಯ. ಶುಕ್ರವಾರ ರಾತ್ರಿ ಊಟದ ತಟ್ಟೆ ಎತ್ತಿದ ಕೂಡಲೇ ಕಟ್ಟು ಹೊರಗೆ ಬರುತ್ತದೆ, ದೀಪಾವಳಿ ಹತ್ತಿರ ಬಂದರೆ ದುಡ್ಡೂ ಬರುತ್ತದೆ. ಹಾಗಾಗಿ ಎರಡನ್ನೂ ಹೇಳುತ್ತೇನೆ. ಅತ್ತೆಯಾದವಳು ಇಂಥದ್ದನ್ನೆಲ್ಲ ಹೇಳಿಕೊಡಬಹುದೇ ಎಂದು ನಿಮ್ಮಪ್ಪ ಮುಖ ಸಿಂಡರಿಸಿದರೆ ಸಿಂಡರಿಸಲಿ. ಅವನಿಗೆ ರಮ್ಮಿ ಕಲಿಸಿದವಳೂ ನಾನೇ.

ಕಳ್ಳಾಟದ ಕೈ ಹೇಗಿರುತ್ತದೆ ಎಂದರೆ, ಎಡಗೈಯಲ್ಲಿ ಕಟ್ಟು ಹಿಡಿದಾಗ ತೋರುಬೆರಳು ಕಟ್ಟಿನ ಮುಂದಿನ ಅಂಚನ್ನು ಬಳಸಿ ನಿಂತಿರುತ್ತದೆ. ಹಾಗೆ ಹಿಡಿದವರೆಲ್ಲ ಕಳ್ಳರಲ್ಲ, ಆದರೆ ತಳದಿಂದ ಎಲೆ ಎಳೆಯುವವನಿಗೆ ಆ ಹಿಡಿತ ಬೇಕೇ ಬೇಕು. ಸರಿಯಾಗಿ ಹಂಚುವಾಗ ಹೆಬ್ಬೆರಳು ಮೇಲಿನ ಎಲೆಯನ್ನು ತುಸು ಪಕ್ಕಕ್ಕೆ ತಳ್ಳುತ್ತದೆ, ಬಲಗೈ ಅದನ್ನು ಎತ್ತುತ್ತದೆ. ತಳದಿಂದ ಬರುವ ಎಲೆಗೆ ಹೆಬ್ಬೆರಳಿನ ಕೆಲಸವೇ ಇಲ್ಲ. ಅದು ಆಡಿದಂತೆ ನಟಿಸುತ್ತದೆ ಅಷ್ಟೆ. ಮೇಲಿನ ಎಲೆಯನ್ನು ತನಗೆ ಉಳಿಸಿಕೊಂಡು ಎರಡನೆಯದನ್ನು ಕೊಡುವವರೂ ಉಂಟು. ಇನ್ನು ಕೆಲವರಿಗೆ ಇಷ್ಟು ಕೈಚಳಕವೂ ಬೇಕಿಲ್ಲ. ಮೇಜಿನ ಮೇಲೆ ಮೊಬೈಲನ್ನು ಮೇಲ್ಮುಖವಾಗಿ ಇಟ್ಟು ಅದರ ಮೇಲಿಂದ ಹಂಚಿದರೆ, ಕಪ್ಪು ಗಾಜಿನಲ್ಲಿ ಪ್ರತಿ ಎಲೆಯ ಬಿಂಬವೂ ಕಾಣುತ್ತದೆ. ಎಕ್ಕದ ಮೂಲೆಗೆ ಉಗುರು ಒತ್ತಿ ಗುರುತು ಮಾಡುವುದು ಬಹಳ ಹಳೆಯದು, ಈಗಲೂ ನಡೆಯುತ್ತದೆ.

ಇವಕ್ಕೆಲ್ಲ ಮದ್ದು ಅಗ್ಗದ್ದು. ಹಂಚುವವರ ಬಲಗಡೆಯವರು ಕಟ್ ಮಾಡಲೇಬೇಕು. ಕಟ್ ಆದ ಮೇಲೆ ತಳಕ್ಕೆ ಒಂದು ರಟ್ಟು ಇಟ್ಟು ಹಂಚಿ. ಮೊಬೈಲು, ಚಮಚ, ಲೈಟರ್ ಮೇಜಿನಿಂದ ಕೆಳಗಿರಲಿ. ಬೇರೆ ಬಣ್ಣದ ಎರಡು ಕಟ್ಟು ಇಟ್ಟುಕೊಂಡು ಒಂದಾದ ಮೇಲೆ ಒಂದನ್ನು ಆಡಿ. ಇದು ಸಂಶಯದ ಮಾತೆಂದು ಯಾರಾದರೂ ಮುನಿಸಿಕೊಂಡರೆ, ಕಾಸಿನೋದಲ್ಲೂ ಕಟ್ಟಿನ ತಳಕ್ಕೆ ರಟ್ಟು ಇಡುತ್ತಾರಲ್ಲ ಎಂದು ನಕ್ಕುಬಿಡು.

ಕೈಗಿಂತ ಕಷ್ಟದ್ದು ಸನ್ನೆ. ನಮ್ಮ ಕಡೆ ಮದುವೆಯ ಹಿಂದಿನ ರಾತ್ರಿ ಚಪ್ಪರದಲ್ಲಿ ಜಮಖಾನೆ ಹಾಸಿ ಇಪ್ಪತ್ತೆಂಟು ಆಡುವುದನ್ನು ನೀನೂ ನೋಡಿರಬೇಕು. ಅದರಲ್ಲಿ ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು. ತುರುಪು ಮುಚ್ಚಿಟ್ಟ ಎಲೆ. ಹಾಗಾಗಿ ಗುಲಾಮ ಯಾರ ಕೈಲಿದ್ದಾನೆ ಎಂದು ಜೊತೆಯವನಿಗೆ ತಿಳಿದರೆ ಅರ್ಧ ಆಟ ಮುಗಿದಂತೆ. ಗುಲಾಮ ಬಂದರೆ ಮೀಸೆ ತಿರುವುವುದು, ಆಟೀನು ಬಲವಾಗಿದ್ದರೆ ಎದೆ ತುರಿಸುವುದು. ಹೆಂಗಸರು ಬಳೆ ಸರಿಸುತ್ತಿದ್ದರು. ಊರಿಗೆಲ್ಲ ಗೊತ್ತಿದ್ದ ಸನ್ನೆಗಳಾದ್ದರಿಂದ ಎರಡೂ ಕಡೆ ಬಳಸಿ ನಗುತ್ತಿದ್ದರು, ಅದು ಬೇರೆ ಮಾತು. ಟಿರೋಲಿನ ವಾಟನ್ ಎಂಬ ಆಟದಲ್ಲಿ ಜೊತೆಗಾರರು ಸನ್ನೆ ಮಾಡುವುದಕ್ಕೆ ಅನುಮತಿಯೇ ಇದೆ. ಎಲ್ಲರಿಗೂ ಗೊತ್ತಿರುವ ನಿಯಮವಾದರೆ ಸನ್ನೆಯೂ ಆಟವೇ.

ಗೊತ್ತಿಲ್ಲದಂತೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಈ ದೇಶದ್ದೇ ಕಥೆ ಇದೆ. 2013ರಲ್ಲಿ ಬಾಲಿಯಲ್ಲಿ ನಡೆದ ಹಿರಿಯರ ವಿಶ್ವ ಬ್ರಿಜ್ ಪಂದ್ಯದಲ್ಲಿ ಜರ್ಮನ್ ತಂಡ ಅಮೆರಿಕವನ್ನು ಸೋಲಿಸಿ ಚಿನ್ನ ಗೆದ್ದಿತು. ಆ ತಂಡದಲ್ಲಿ ಮಿಖಾಯೆಲ್ ಎಲಿನೆಸ್ಕು ಮತ್ತು ಎಂಚೊ ವ್ಲಾಡೊವ್ ಎಂಬ ಜೋಡಿ ಇತ್ತು, ಇಬ್ಬರೂ ವೈದ್ಯರು. ಇವರು ಕೆಮ್ಮುತ್ತಿದ್ದರು. ಎಷ್ಟು ಸಲ ಕೆಮ್ಮಿದರು ಎಂಬುದರಲ್ಲಿ ಯಾವ ರಂಗಿನ ಗುಟ್ಟು ಅಡಗಿದೆ ಎಂದು ಎದುರಾಳಿಗಳು ಲೆಕ್ಕ ಇಟ್ಟರು, ವಿಡಿಯೊ ಜೊತೆ ಹೊಂದಿಸಿ ನೋಡಿದರು. 2014ರಲ್ಲಿ ವಿಶ್ವ ಬ್ರಿಜ್ ಸಂಸ್ಥೆ ಇಬ್ಬರಿಗೂ ತಲಾ ಹತ್ತು ವರ್ಷ ನಿಷೇಧ ಹೇರಿ, ಜೋಡಿಯಾಗಿ ಎಂದೆಂದಿಗೂ ಆಡಬಾರದು ಎಂದಿತು. ಚಿನ್ನವೂ ಹೋಯಿತು. ಬಹುಮಾನದ ದುಡ್ಡಿಗಾಗಿ ಹೊಟ್ಟೆ ಹೊರೆಯಬೇಕಾದ ಜನರಲ್ಲ ಅವರು. ಅದಕ್ಕೇ ಹೇಳುವುದು, ಕಳ್ಳಾಟ ಬಡತನದಿಂದ ಬರುತ್ತದೆ ಎಂದು ತಿಳಿಯಬೇಡ. ಚೆನ್ನಾಗಿ ಆಡಬಲ್ಲವರಿಗೇ ಸೋಲು ಸಹಿಸಲು ಹೆಚ್ಚು ಕಷ್ಟ.

ಇನ್ನೊಂದು ಪ್ರಕರಣ ನಿನ್ನಂಥ ಎಂಜಿನಿಯರಿಗೆ ಹೆಚ್ಚು ಅಪಾಯದ್ದು, ಯಾಕೆಂದರೆ ಓದಿದ ಕೂಡಲೇ ‘ಭಲೇ ಬುದ್ಧಿ’ ಅನ್ನಿಸುತ್ತದೆ. ಫಿಲ್ ಐವಿ ಎಂಬ ಹೆಸರಾಂತ ಪೋಕರ್ ಆಟಗಾರ 2012ರಲ್ಲಿ ಲಂಡನ್ನಿನ ಕ್ರಾಕ್‌ಫರ್ಡ್ಸ್ ಕ್ಲಬ್ಬಿನಲ್ಲಿ ಪುಂಟೊ ಬ್ಯಾಂಕೊ ಎಂಬ ಎಲೆಯಾಟ ಆಡಿ 77 ಲಕ್ಷ ಪೌಂಡ್ ಗೆದ್ದ. ಅಲ್ಲಿನ ಎಲೆಗಳ ಬೆನ್ನಿನ ಚಿತ್ತಾರ ಎರಡು ಅಂಚಿನಲ್ಲಿ ಒಂದೇ ಸಮ ಕತ್ತರಿಸಿರಲಿಲ್ಲ. ಒಂದು ಕಡೆ ತುಸು ಹೆಚ್ಚು, ಇನ್ನೊಂದು ಕಡೆ ಕಡಿಮೆ. ಅದೃಷ್ಟದ ನಂಬಿಕೆ ಎಂಬ ನೆಪದಲ್ಲಿ ಎಲೆ ಹಾಕುವವಳಿಂದಲೇ ಒಳ್ಳೆಯ ಎಲೆಗಳನ್ನೆಲ್ಲ ಒಂದು ದಿಕ್ಕಿಗೆ ತಿರುಗಿಸಿಕೊಂಡ. ಆಮೇಲೆ ಬೆನ್ನು ನೋಡಿಯೇ ಎಲೆ ತಿಳಿಯುತ್ತಿತ್ತು. ಕ್ಲಬ್ಬು ದುಡ್ಡು ಕೊಡಲಿಲ್ಲ, ಐವಿ ಕೋರ್ಟಿಗೆ ಹೋದ. ನಾನು ಎಲೆಗೆ ಕೈ ಕೂಡ ಹಚ್ಚಿಲ್ಲ, ಇದು ಜಾಣತನ ಎಂಬುದು ಅವನ ವಾದ. ಅವನು ಹಾಗೆ ಮನಸಾರೆ ನಂಬಿದ್ದ ಎಂಬುದನ್ನು ನ್ಯಾಯಾಧೀಶರೂ ಒಪ್ಪಿದರು. ಆದರೂ 2017ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಇದು ಮೋಸವೇ ಎಂದಿತು. ಏನೂ ಅರಿಯದ ಒಬ್ಬಳ ಕೈಯಿಂದ ಕಟ್ಟನ್ನು ಹೊಂದಿಸಿಕೊಂಡರೆ ತಾನೇ ಹೊಂದಿಸಿಕೊಂಡಂತೆ. ನಿನ್ನ ಮನಸ್ಸಾಕ್ಷಿ ನಿನಗೆ ಕ್ಲೀನ್ ಚಿಟ್ ಕೊಟ್ಟರೆ ಸಾಲದು ಎಂಬುದು ಆ ತೀರ್ಪಿನಲ್ಲಿ ನನಗೆ ಹಿಡಿಸಿದ ಮಾತು.

ಇದರ ಪಕ್ಕಕ್ಕೆ ಎಡ್ವರ್ಡ್ ಥಾರ್ಪ್‌ನನ್ನು ಇಟ್ಟು ನೋಡು. ಗಣಿತದ ಮೇಷ್ಟ್ರು. ಬ್ಲ್ಯಾಕ್‌ಜ್ಯಾಕಿನಲ್ಲಿ ಆಡಿ ಹೋದ ಎಲೆಗಳ ಲೆಕ್ಕ ಇಟ್ಟರೆ ಉಳಿದದ್ದರಲ್ಲಿ ಹತ್ತುಗಳು, ಎಕ್ಕಗಳು ಎಷ್ಟು ಎಂದು ತಿಳಿಯುತ್ತದೆ, ಅದಕ್ಕೆ ತಕ್ಕಂತೆ ಪಣ ಏರಿಸಬಹುದು ಎಂದು ಐಬಿಎಂ 704 ಯಂತ್ರದಲ್ಲಿ ಲೆಕ್ಕ ಮಾಡಿ, 1962ರಲ್ಲಿ ಪುಸ್ತಕವನ್ನೇ ಬರೆದ. (ನಿಮ್ಮ ಮಾವ ದುಡಿದ ಬೊಬ್ಲಿಂಗೆನ್ನಿನ ಐಬಿಎಂ ಪ್ರಯೋಗಾಲಯ ಅದಕ್ಕೆ ಒಂಬತ್ತು ವರ್ಷ ಮೊದಲು ಶುರುವಾಗಿತ್ತು. ಈ ಕಥೆ ಅವರ ಬಾಯಲ್ಲಿ ಸಾವಿರ ಸಲ ಕೇಳಿದ್ದೇನೆ.) ಕಾಸಿನೋದವರು ಅಂಥವರನ್ನು ಹೊರಗೆ ಕಳಿಸುತ್ತಾರೆ, ಆದರೆ ತಲೆಯಲ್ಲಿ ಲೆಕ್ಕ ಇಡುವುದು ಮೋಸವಲ್ಲ. ಆಡಿದ ಎಲೆ ಎಲ್ಲರ ಕಣ್ಣ ಮುಂದೆಯೇ ಬಿದ್ದದ್ದು, ನೀನು ಮರೆಯಲಿಲ್ಲ ಅಷ್ಟೆ. ನನ್ನ ಗೆರೆ ಇರುವುದು ಅಲ್ಲೇ. ಎಲ್ಲರಿಗೂ ಕಾಣುವುದನ್ನು ನೀನು ಹೆಚ್ಚು ಗಮನವಿಟ್ಟು ನೋಡು. ಬೇರೆಯವರಿಗೆ ಕಾಣದಂತೆ ನಿನಗೊಬ್ಬನಿಗೆ ಕಾಣುವ ಏರ್ಪಾಡು ಮಾಡಿಕೊಳ್ಳಬೇಡ. ರಮ್ಮಿಯಲ್ಲಿ ಒಂದಾಟ ಮುಗಿದ ಮೇಲೆ ಸೀಕ್ವೆನ್ಸುಗಳನ್ನು ಹಾಗೇ ಒಟ್ಟು ಮಾಡಿ ನಾಲ್ಕು ಸಲ ಉದುರಿಸಿ ಕಲಸಿದರೆ ಅವು ಅಂಟಿಕೊಂಡೇ ಬರುತ್ತವೆ. ಅರ್ಧರ್ಧ ಮಾಡಿ ಹೆಣೆದು ಕಲಸಿದರೂ 52 ಎಲೆ ಚೆನ್ನಾಗಿ ಬೆರೆಯಲು ಸುಮಾರು ಏಳು ಸಲ ಬೇಕು ಎಂದು ಬೇಯರ್ ಮತ್ತು ಡಯಾಕೋನಿಸ್ 1992ರಲ್ಲಿ ತೋರಿಸಿದರು. ಎಲೆ ಅಂಟಿಕೊಂಡಿದೆ ಎಂದು ನೀನು ಗಮನಿಸಿದರೆ ಜಾಣ. ಬೇಕೆಂದೇ ಹಾಗೆ ಕಲಸಿದರೆ ಕಳ್ಳ.

ಈಗ ಗೆಲ್ಲುವ ವಿಷಯ. ರಮ್ಮಿಯಲ್ಲಿ ಪ್ಯೂರ್ ಸೀಕ್ವೆನ್ಸ್ ಆಗುವವರೆಗೆ ಬೇರೆ ಯಾವುದರ ಮೋಹವೂ ಬೇಡ, ಜೋಕರ್ ನಾಲ್ಕಿದ್ದರೂ ಬೇಡ. ಏಳನ್ನು 5-6-7, 6-7-8, 7-8-9 ಹೀಗೆ ಮೂರು ರೀತಿ ಸೇರಿಸಬಹುದು, ರಾಜನನ್ನು ಎರಡೇ ರೀತಿ. ಮೇಲಾಗಿ ರಾಜ ಕೈಯಲ್ಲಿ ಉಳಿದರೆ ಹತ್ತು ಪಾಯಿಂಟ್ ಮೈಮೇಲೆ. ಎಡಗಡೆಯವನು ಇಸ್ಪೀಟಿನ ಏಳನ್ನು ಎತ್ತಿಕೊಂಡನೋ, ಆರು ಎಂಟನ್ನು ಎಸೆಯುವ ಮುಂಚೆ ಎರಡು ಸಲ ಯೋಚಿಸು. ಎತ್ತಿದ್ದಕ್ಕಿಂತ ಎಸೆದದ್ದು ಹೆಚ್ಚು ಮಾತಾಡುತ್ತದೆ. ಎರಡನೇ ಸುತ್ತಿಗೇ ಡೈಮನ್ನಿನ ಒಂಬತ್ತನ್ನು ಬಿಟ್ಟವನ ಕೈಲಿ ಅದರ ಅಕ್ಕಪಕ್ಕ ಇರುವುದು ಅಪರೂಪ. ಮೊದಲ 13 ಎಲೆಯಲ್ಲಿ ಜೋಕರೂ ಇಲ್ಲ, ಜೋಡಣೆಯೂ ಇಲ್ಲ ಎಂದರೆ 20ಕ್ಕೆ ಡ್ರಾಪ್ ಮಾಡು. ಮುಂದೆ 80 ಬೀಳುವುದಕ್ಕಿಂತ ವಾಸಿ. ಗಂಡಸರಿಗೆ ಇದೇ ಆಗುವುದಿಲ್ಲ ನೋಡು, ಕೂತ ಮೇಲೆ ಏಳುವುದು ಮರ್ಯಾದೆಗೆ ಕಡಿಮೆ ಅವರಿಗೆ.

ಅಷ್ಟೆಲ್ಲ ಎಲೆ ನೆನಪಿರುವುದಿಲ್ಲ ಎನ್ನಬೇಡ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಗಂಜೀಫ ಎಂಬ ಎಲೆಯಾಟಗಳಲ್ಲಿ 18 ರಂಗಿನ, 360 ಎಲೆಯ ಆಟವೂ ಇತ್ತು. ಹಳೆಯ ಎಲೆಗಳ ಮಾತು ಬಂತೆಂದು ಹೇಳುತ್ತೇನೆ, ರಜೆಯಲ್ಲಿ ಎಸ್-1 ರೈಲು ಹತ್ತಿ ಸ್ಟುಟ್‌ಗಾರ್ಟಿನ ಹಳೆ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಾ. ಸುಮಾರು 1430ರ ಇಸ್ಪೀಟು ಆ ಸಂಗ್ರಹಕ್ಕೆ ಸೇರಿದ್ದು. 52ರಲ್ಲಿ 49 ಎಲೆ ಉಳಿದಿವೆ, ರಂಗುಗಳು ಬಾತುಕೋಳಿ, ಡೇಗೆ, ಜಿಂಕೆ, ನಾಯಿ. ಒಂದೊಂದೂ ಹತ್ತಿರ ಹತ್ತಿರ ಗೇಣುದ್ದ. ಅಂಗೈಯಲ್ಲಿ ಅಡಗಿಸುವ ಮಾತೇ ಇಲ್ಲ.

ಮೂರೆಲೆಯಲ್ಲಿ ಮಾತ್ರ ಎಲೆ ನೆನಪಿಡುವ ವಿದ್ಯೆ ಹೆಚ್ಚು ನಡೆಯದು. 52 ಎಲೆಯಲ್ಲಿ ಮೂರರ ಜೋಡಣೆ 22,100. ಅದರಲ್ಲಿ ಮೂರೂ ಒಂದೇ ಬರುವ ಟ್ರಯಲ್ 52 ಮಾತ್ರ, ಜೋಡಿ 3,744. ಏನೂ ಇಲ್ಲದ ಕೈಗಳೇ 16,440, ಅಂದರೆ ನಾಲ್ಕರಲ್ಲಿ ಹೆಚ್ಚುಕಡಿಮೆ ಮೂರು. ಎಲ್ಲರ ಕೈಯೂ ಬರಿದಾಗಿರುವಾಗ ಗೆಲ್ಲುವವನು ಜೇಬು ದೊಡ್ಡದಿರುವವನು. 1968ರಲ್ಲೇ ನಮ್ಮ ಸುಪ್ರೀಂ ಕೋರ್ಟು ಸತ್ಯನಾರಾಯಣ ಪ್ರಕರಣದಲ್ಲಿ, ರಮ್ಮಿಗೆ ಬಿದ್ದ ಎಲೆ ನೆನಪಿಡುವ ಕೌಶಲ ಬೇಕು, ಅದು ಮೂರೆಲೆಯಂತೆ ಬರೀ ಅದೃಷ್ಟವಲ್ಲ ಎಂದು ಬೇರ್ಪಡಿಸಿತು. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ರಮ್ಮಿಯ ಕಥೆಯೇ ಬೇರೆ, ಊರಿನಲ್ಲಿ 2025ರ ಕಾಯ್ದೆ ಅದನ್ನು ನಿಲ್ಲಿಸಿದೆ. ಪರದೆಯ ಆಚೆ ಮೂವರು ಒಂದೇ ಕೋಣೆಯಲ್ಲಿ ಕೂತು ಎಲೆ ತೋರಿಸಿಕೊಳ್ಳುತ್ತಿದ್ದರೆ ನಿನಗೆ ಯಾವ ಕೈ ಕಂಡೀತು?

ಸಾಲ ಮಾಡಿ ಆಡಬೇಡ. ಜರ್ಮನಿಯ ಸಿವಿಲ್ ಸಂಹಿತೆಯ 762ನೇ ಕಲಂ ಪ್ರಕಾರ ಜೂಜಿನಿಂದ ಸಾಲ ಹುಟ್ಟುವುದೇ ಇಲ್ಲ, ಆದರೆ ಒಮ್ಮೆ ಕೊಟ್ಟದ್ದನ್ನು ಆ ನೆಪದಲ್ಲಿ ವಾಪಸ್ ಕೇಳುವಂತೆಯೂ ಇಲ್ಲ. ನಮ್ಮ 1872ರ ಕರಾರು ಕಾಯ್ದೆಯ 30ನೇ ಕಲಂ ಕೂಡ ಪಂಥದ ಕರಾರನ್ನು ಅನೂರ್ಜಿತ ಎನ್ನುತ್ತದೆ. ಹಾಗೆಂದು ಸೋತ ಹತ್ತು ಯೂರೋವನ್ನು ಕಾನೂನು ತೋರಿಸಿ ಉಳಿಸಿಕೊಳ್ಳುವುದು ಬೇಡ, ಕೊಟ್ಟುಬಿಡು. ಒಂದೇ ಅಡುಗೆಮನೆಯಲ್ಲಿ ನಾಳೆ ಅನ್ನಕ್ಕಿಡಬೇಕಲ್ಲ. ಜೊತೆಯ ಹುಡುಗ ತಳದಿಂದ ಎಳೆದದ್ದು ಕಣ್ಣಿಗೆ ಬಿದ್ದರೆ ಅಲ್ಲೇ ಕೂಗಾಡಬೇಡ. ಕಟ್ಟು ಬದಲಾಯಿಸೋಣ ಎನ್ನು, ಮುಂದಿನ ಆಟದಿಂದ ದುಡ್ಡು ಬೇಡ ಎನ್ನು. ದುಡ್ಡು ಬೇಡ ಎಂದ ಕೂಡಲೇ ಯಾರಿಗೆ ನಿದ್ದೆ ಬರುತ್ತದೋ ನೋಡಿಕೋ.

ಶನಿವಾರ ಸಂಜೆ ಮನೆಗೆ ಬಾ, ಪಕ್ಕದ ಮನೆಯ ಅಜ್ಜಿಯರ ಜೊತೆ ಬಿನೋಕಲ್ ಇದೆ. ಈ ಸೀಮೆಯ ಆಟ, ಇಲ್ಲಿಂದ ವಲಸೆ ಹೋದವರ ಜೊತೆ ಅಮೆರಿಕ ಸೇರಿ ಪಿನೋಕಲ್ ಆಯಿತು. ಎಲೆಯಲ್ಲಿ ಇಸ್ಪೀಟು ಕ್ಲಾವರ್ ಇರುವುದಿಲ್ಲ. ಓಕ್ ಕಾಯಿ, ಹಸಿರೆಲೆ, ಹೃದಯ, ಗೆಜ್ಜೆ. ರಾಣಿಯೂ ಇಲ್ಲ. ಪ್ರತಿ ಎಲೆಯೂ ಎರಡೆರಡು ಇರುತ್ತದೆ, ಹಾಗಾಗಿ ಎಕ್ಕ ಬಿತ್ತು ಎಂದು ನಿಶ್ಚಿಂತೆಯಾಗಬೇಡ, ಇನ್ನೊಂದು ಎಲ್ಲೋ ಕೂತಿದೆ. ಎಕ್ಕಕ್ಕೆ 11, ಆಮೇಲೆ ಹತ್ತು, ಅದರ ಕೆಳಗೆ ರಾಜ ಬರೀ 4. ನಮ್ಮವರು ಮೊದಲ ದಿನ ರಾಜನನ್ನು ನಂಬಿ ಕೆಡುತ್ತಾರೆ. ಎಂಬತ್ತು ದಾಟಿದ ಆ ಹೆಂಗಸರು ಯಾವ ಎಲೆ ಯಾವ ಸುತ್ತಿನಲ್ಲಿ ಹೋಯಿತು ಎಂದು ಹೆಣಿಗೆ ಹಾಕುತ್ತಲೇ ಹೇಳುತ್ತಾರೆ. ಮೊದಲ ಒಂದು ಗಂಟೆ ಕೂಗು ಏರಿಸದೆ ಸುಮ್ಮನೆ ಅವರು ಬಿಡುವ ಎಲೆ ನೋಡು. ಐದು, ಹತ್ತು ಸೆಂಟಿನ ಚಿಲ್ಲರೆ ತಾ, ನೋಟು ತೆಗೆದರೆ ಅಲ್ಲಿ ಯಾರೂ ಮುಟ್ಟುವುದಿಲ್ಲ.